ವಿಜ್ಞಾನ ವಿದುಷಿ ರೋಸಲಿಂಡ್ ಫ್ರಾಂಕ್ಲಿನ್

ಮಾನವ ಶರೀರದ ಜೀವಕೋಶಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವ ಒಂದು ಬರಹವಿದೆ. ಆ ಬರಹವನ್ನು ಹೊತ್ತಿರುವ ದ್ರವ್ಯಕ್ಕೆ ಡಿ.ಎನ್.ಎ. ಎಂದು ಹೆಸರು. ಅದರ ರೂಪವನ್ನು ಕ್ಷ-ಕಿರಣಗಳ ನೆರವಿನಿಂದ ಸ್ಫುಟವಾಗಿ ಸೆರೆಹಿಡಿದವರಲ್ಲಿ ಅಗ್ರಗಣ್ಯರು ಇಂಗ್ಲೆಂಡಿನ ವಿದುಷಿ ಡಾ. ರೋಸಲಿಂಡ್ ಫ್ರಾಂಕ್ಲಿನ್. ಆ ಮಹತ್ಕಾರ್ಯ ನಡೆದ ಐದಾರು ವರ್ಷಗಳೊಳಗಾಗಿ, ಕೇವಲ ೩೭ರ ವಯಸ್ಸಿನಲ್ಲಿ, ಅವರು ಅಂಡಾಶಯದ ಅರ್ಬುದರೋಗಕ್ಕೆ ಬಲಿಯಾದರು. ಇಂದು ಅದೇ ರೋಗವನ್ನು ಬಗೆಬಗೆಯಾಗಿ ವಿಂಗಡಿಸುವುದಕ್ಕೂ, ಯಾವ ರೋಗಿಗೆ ಯಾವ ಔಷಧವೆಂದು ನಿಶ್ಚಯಿಸುವುದಕ್ಕೂ ವೈದ್ಯರು ಓದುತ್ತಿರುವುದು ಅದೇ ಡಿ.ಎನ್.ಎ. ಬರಹವನ್ನು. ರೋಸಲಿಂಡರ ಜೀವನವನ್ನು ಬಲ್ಲವರು ಬಹುಮಂದಿ. ಆದರೆ ಅವರ ಕೆಲಸಕ್ಕೂ ಅವರ ಬೇನೆಗೂ ಕಾಲಾಂತರದಲ್ಲಿ ಏರ್ಪಟ್ಟ ಈ ನಂಟನ್ನು ಗಮನಿಸಿದವರು ವಿರಳ.

೧೯೨೦ನೆಯ ಇಸವಿ ಜುಲೈ ೨೫ರಂದು ಲಂಡನ್ ನಗರದ ನಾಟಿಂಗ್ ಹಿಲ್ ಎಂಬಲ್ಲಿ ರೋಸಲಿಂಡರ ಜನನವಾಯಿತು. ತಂದೆ ಎಲಿಸ್ ಫ್ರಾಂಕ್ಲಿನ್, ತಾಯಿ ಮ್ಯೂರಿಯಲ್. ಐವರು ಮಕ್ಕಳಲ್ಲಿ ಇವರು ಎರಡನೆಯವರು. ಬ್ಯಾಂಕು ವ್ಯವಹಾರದಲ್ಲಿ ನೆಲೆಗೊಂಡಿದ್ದ ಅನುಕೂಲಸ್ಥ ಯಹೂದಿ ಮನೆತನವದು. ಸಂಪತ್ತಿನೊಂದಿಗೆ ಸಮಾಜದ ಹೊಣೆಯನ್ನೂ ಹೊತ್ತುಕೊಂಡ ಮನೆಯೆಂಬುದು ಅದರ ಹೆಗ್ಗಳಿಕೆ. ತಂದೆಯವರು ಹಗಲು ಬ್ಯಾಂಕಿನ ಕೆಲಸ ಮುಗಿಸಿ, ಸಂಜೆ ದುಡಿಯುವ ಜನರಿಗಾಗಿ ಸ್ಥಾಪಿತವಾಗಿದ್ದ ಕಾಲೇಜಿನಲ್ಲಿ ವಿದ್ಯುತ್ತು, ಕಾಂತತ್ವ ಮೊದಲಾದ ವಿಷಯಗಳನ್ನು ಬೋಧಿಸುತ್ತಿದ್ದರು. ಬಾಲಕಿ ರೋಸಲಿಂಡ್ ಆರರ ಪ್ರಾಯದಲ್ಲಿಯೇ, ಯಾರ ಒತ್ತಾಯವೂ ಇಲ್ಲದೆ, ಸಂತೋಷಕ್ಕಾಗಿ ಲೆಕ್ಕ ಮಾಡುತ್ತ ಕೂಡುತ್ತಿದ್ದಳು. ಮಾಡಿದ ಲೆಕ್ಕ ತಪ್ಪುತ್ತಿರಲಿಲ್ಲ.

ಹನ್ನೊಂದನೆಯ ವಯಸ್ಸಿಗೆ ಅವರು ಸೇಂಟ್ ಪಾಲ್ಸ್ ಬಾಲಿಕಾ ಶಾಲೆಗೆ ಸೇರಿದರು. ಈ ಶಾಲೆಯ ಹಿನ್ನೆಲೆಯನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳುವುದು ಅಪ್ರಸ್ತುತವಾಗದು. ಹದಿನಾರನೆಯ ಶತಮಾನದ ಆದಿಯಲ್ಲಿ ಜಾನ್ ಕಾಲೆಟ್ ಎಂಬ ಧರ್ಮಾಧಿಕಾರಿಗಳು ತಮ್ಮ ಆಸ್ತಿಯನ್ನು ವಿದ್ಯಾದಾನಕ್ಕೆ ವಿನಿಯೋಗಿಸಿ, ಅದರ ಆಡಳಿತವನ್ನು ಲಂಡನ್ನಿನ ವರ್ತಕರ ಸಂಘವೊಂದಕ್ಕೆ ಒಪ್ಪಿಸಿದ್ದರು. ಆ ದತ್ತಿಯ ಬಲದಿಂದ ಸುಮಾರು ನಾಲ್ಕುನೂರು ವರ್ಷಗಳ ಅನಂತರ, ೧೯೦೪ರಲ್ಲಿ, ಹೆಣ್ಣುಮಕ್ಕಳಿಗಾಗಿ ಈ ಶಾಲೆ ಪ್ರಾರಂಭವಾಯಿತು. ಆ ಕಾಲದ ಲಂಡನ್ನಿನಲ್ಲಿ ಬಾಲಿಕೆಯರಿಗೆ ಭೌತವಿಜ್ಞಾನ ಮತ್ತು ರಸಾಯನವಿಜ್ಞಾನಗಳನ್ನು ಕ್ರಮಬದ್ಧವಾಗಿ ಕಲಿಸುತ್ತಿದ್ದ ಶಾಲೆಗಳು ಬೆರಳೆಣಿಕೆಯವು. ಅವುಗಳಲ್ಲಿ ಇದೂ ಒಂದು. ಸಂಗೀತವೊಂದನ್ನುಳಿದು ಮಿಕ್ಕೆಲ್ಲ ವಿಷಯಗಳಲ್ಲಿಯೂ ರೋಸಲಿಂಡ್ ಮುಂದು. ಶಾಲೆ ಬಿಡುವಾಗ ವರ್ಷಕ್ಕೆ ೩೦ ಪೌಂಡುಗಳಂತೆ ಮೂರು ವರ್ಷದ ವಿದ್ಯಾರ್ಥಿವೇತನ ದೊರೆಯಿತು. ಅದನ್ನು ನಿರಾಶ್ರಿತಳಾಗಿ ಬಂದ ಅರ್ಹ ವಿದ್ಯಾರ್ಥಿಯೊಬ್ಬರಿಗೆ ಬಿಟ್ಟುಕೊಡುವಂತೆ ತಂದೆಯವರು ಸೂಚಿಸಿದರು. ಜರ್ಮನಿಯಲ್ಲಿ ನಾಜಿಗಳ ಹಾವಳಿ ಹೆಚ್ಚುತ್ತಿದ್ದ ದಿನಗಳವು. ಫ್ರಾಂಕ್ಲಿನ್ ಕುಟುಂಬದವರು ಅಲ್ಲಿಂದ ಪಾರಾಗಿ ಬಂದ ಮಕ್ಕಳನ್ನು ತಮ್ಮ ಮನೆಯಲ್ಲಿರಿಸಿಕೊಂಡು ಸಾಕಿದ್ದೂ ಉಂಟು.

೧೯೩೮ರಲ್ಲಿ ರೋಸಲಿಂಡ್ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ನ್ಯೂನ್‌ಹ್ಯಾಮ್ ಕಾಲೇಜಿಗೆ ಸೇರಿ, ೧೯೪೧ರಲ್ಲಿ ರಸಾಯನವಿಜ್ಞಾನದ ವ್ಯಾಸಂಗವನ್ನು ಪೂರೈಸಿದರು. ಪುರುಷರೊಂದಿಗೆ ಕುಳಿತು ಪರೀಕ್ಷೆ ಬರೆದು ತೇರ್ಗಡೆಯಾದ ಹೆಂಗಸರಿಗೆ ಕೇಂಬ್ರಿಜ್ ಆಗ ಪೂರ್ಣ ಪದವಿಯನ್ನು ಕೊಡುತ್ತಿರಲಿಲ್ಲ. ೧೯೪೮ರವರೆಗೂ ಆ ಕಟ್ಟಳೆ ನಡೆದುಬಂದಿತು. ಯುದ್ಧದ ಕಾಲದಲ್ಲಿ ಅವರು ಕೈಗೊಂಡ ಸಂಶೋಧನೆ ಕಲ್ಲಿದ್ದಲನ್ನು ಕುರಿತದ್ದು. ಕಲ್ಲಿದ್ದಲಿನಲ್ಲಿರುವ ಅತಿಸೂಕ್ಷ್ಮ ರಂಧ್ರಗಳು ಯಾವ ಗಾತ್ರದವು, ಶಾಖಕ್ಕೆ ಅವು ಹೇಗೆ ವರ್ತಿಸುತ್ತವೆ ಎಂಬುದನ್ನು ಅಳೆದು ೧೯೪೫ರಲ್ಲಿ ಡಾಕ್ಟರೇಟ್ ಪಡೆದರು. ಮೇರಿ ಕ್ಯೂರಿಯವರ ಶಿಷ್ಯೆಯಾಗಿದ್ದ ಫ್ರೆಂಚ್ ವಿದುಷಿಯೊಬ್ಬರ ಪರಿಚಯದ ಫಲವಾಗಿ ೧೯೪೭ರಲ್ಲಿ ಪ್ಯಾರಿಸ್ ನಗರದ ಸರಕಾರಿ ಪ್ರಯೋಗಶಾಲೆಯಲ್ಲಿ ಅವಕಾಶ ದೊರೆಯಿತು. ಅಲ್ಲಿ ಜಾಕ್ ಮೆರಿಂಗ್ ಎಂಬವರಿಂದ ಕ್ಷ-ಕಿರಣಗಳ ವಿವರ್ತನೆಯ ವಿದ್ಯೆಯನ್ನು ಕೈವಶ ಮಾಡಿಕೊಂಡರು. ಕಣ್ಣಿಗಾಗಲಿ ಸೂಕ್ಷ್ಮದರ್ಶಕಕ್ಕಾಗಲಿ ನಿಲುಕದಷ್ಟು ಕಿರಿದಾದ ರಚನೆಯ ಮೇಲೆ ಕ್ಷ-ಕಿರಣಗಳನ್ನು ಹಾಯಿಸಿದರೆ ಅವು ಚೆದುರಿ ಛಾಯಾಫಲಕದ ಮೇಲೆ ಕಪ್ಪು ಕಲೆಗಳನ್ನು ಮೂಡಿಸುತ್ತವೆ. ಆ ಕಲೆಗಳ ಅಂತರ ಮತ್ತು ಗಾಢತೆಗಳಿಂದ ಮೂಲ ರಚನೆಯನ್ನು ಗಣಿತದ ಮೂಲಕ ಹಿಂದಿರುಗಿ ಕಂಡುಕೊಳ್ಳಬೇಕು. ಕೈಚಳಕವೂ ಅಪಾರ ತಾಳ್ಮೆಯೂ ಬೇಕಾದ ಕೆಲಸ. ಪ್ಯಾರಿಸ್ಸಿನ ಆ ನಾಲ್ಕು ವರ್ಷಗಳೇ ರೋಸಲಿಂಡರ ಬಾಳಿನ ಅತ್ಯಂತ ಸುಖದ ದಿನಗಳೆಂದು ಅವರನ್ನು ಬಲ್ಲವರೆಲ್ಲರ ಅಭಿಪ್ರಾಯ.

೧೯೫೧ರ ಜನವರಿಯಲ್ಲಿ ಅವರು ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಬಂದರು. ಅಲ್ಲಿನ ಮುಖ್ಯಸ್ಥರು ಜಾನ್ ರ‍್ಯಾಂಡಲ್. ಡಿ.ಎನ್.ಎ. ಎಳೆಗಳ ಕ್ಷ-ಕಿರಣ ಪರೀಕ್ಷೆಯನ್ನು ಅವರು ರೋಸಲಿಂಡರಿಗೆ ವಹಿಸಿದರು. ಆದರೆ ಅದೇ ವಿಷಯದಲ್ಲಿ ಅದಾಗಲೇ ತೊಡಗಿದ್ದ ಮಾರಿಸ್ ವಿಲ್ಕಿನ್ಸ್ ಎಂಬ ವಿಜ್ಞಾನಿಗೆ ಈ ವಹಿವಾಟಿನ ಸ್ಪಷ್ಟ ತಿಳಿವಳಿಕೆಯಿರಲಿಲ್ಲ. ಹೊಸಬರು ತಮ್ಮ ಸಹಾಯಕರೆಂದು ವಿಲ್ಕಿನ್ಸ್ ಭಾವಿಸಿದರು. ಕೆಲಸ ಸ್ವತಂತ್ರವಾಗಿ ತನ್ನದೆಂದು ರೋಸಲಿಂಡ್ ನಂಬಿದ್ದರು. ಮುಖ್ಯಸ್ಥರು ಇಬ್ಬರನ್ನೂ ಕೂಡಿಸಿ ಒಂದು ಮಾತು ಹೇಳಿದ್ದರೆ ಬಗೆಹರಿಯುತ್ತಿದ್ದ ಸಂಗತಿ ಎರಡು ವರ್ಷಗಳ ಮನಸ್ತಾಪಕ್ಕೆ ಎಡೆಗೊಟ್ಟಿತು. ಗಂಡಸರಿಗೆ ಮಾತ್ರ ಪ್ರವೇಶವಿದ್ದ ಭೋಜನಶಾಲೆಯೊಂದು ಆ ಕಾಲೇಜಿನಲ್ಲಿತ್ತೆಂಬುದನ್ನೂ ಇಲ್ಲಿ ನೆನೆಯಬೇಕು. ವಿಜ್ಞಾನದ ಎಷ್ಟೋ ಮಾತು ಊಟದ ಮೇಜಿನ ಸುತ್ತ ನಡೆಯುತ್ತದೆ.

ಇಷ್ಟಾದರೂ ಕೆಲಸ ನಿಲ್ಲಲಿಲ್ಲ. ಶಿಷ್ಯ ರೇಮಂಡ್ ಗಾಸ್ಲಿಂಗರೊಡಗೂಡಿ ರೋಸಲಿಂಡ್ ಡಿ.ಎನ್.ಎ. ಎಳೆಗಳ ಸುತ್ತಲಿನ ತೇವಾಂಶವನ್ನು ಹದವಾಗಿ ಏರಿಳಿಸುವ ಉಪಾಯವನ್ನು ಕಂಡುಕೊಂಡರು. ಒಣಗಿದಾಗ ಒಂದು ರೂಪ, ತೇವವಾದಾಗ ಇನ್ನೊಂದು ರೂಪ. ಎಳೆಗೆ ಎರಡು ರೂಪಗಳುಂಟೆಂದು ತಿಳಿದದ್ದು ಆಗಲೇ. ಅಲ್ಲಿಯವರೆಗೂ ಎರಡೂ ಬೆರೆತ ಚಿತ್ರಗಳನ್ನಿಟ್ಟುಕೊಂಡು ತಜ್ಞರು ತಡಕಾಡುತ್ತಿದ್ದರು. ಎ ಮತ್ತು ಬಿ ಎಂದು ಹೆಸರಿಸಲಾದ ಈ ರೂಪಗಳನ್ನು ಬೇರ್ಪಡಿಸಿದ್ದೇ ರೋಸಲಿಂಡರ ಮೊದಲ ದೊಡ್ಡ ಸಾಧನೆ. ಹೀಗೆ ಒಂದೇ ಎಂದು ತೋರುವುದನ್ನು ಎರಡಾಗಿ ಬಿಡಿಸಿ ನೋಡುವ ಬುದ್ಧಿ ಅವರ ಎಲ್ಲ ಕೆಲಸದಲ್ಲಿಯೂ ಎದ್ದು ಕಾಣುತ್ತದೆ. ಅಣುವಿನ ಫಾಸ್ಫೇಟ್ ಭಾಗಗಳು ಹೊರಮೈಯಲ್ಲಿರಬೇಕೆಂದೂ ಅವರು ೧೯೫೧ರಲ್ಲಿಯೇ ಸೂಚಿಸಿದ್ದರು. ೧೯೫೨ರ ಮೇ ತಿಂಗಳಿನಲ್ಲಿ, ೬೦ ಗಂಟೆಗಳಿಗೂ ಮಿಕ್ಕಿ ಕಿರಣಗಳನ್ನು ಹಾಯಿಸಿ, ಅವರ ಪ್ರಯೋಗಶಾಲೆಯಲ್ಲಿ ಗಾಸ್ಲಿಂಗ್ ತೆಗೆದ ೫೧ನೆಯ ಛಾಯಾಚಿತ್ರ ಬಿ ರೂಪದ್ದು. ಅದರಲ್ಲಿ ಅಡ್ಡಗೆರೆಗಳು ಕತ್ತರಿಯಾಕಾರದಲ್ಲಿ ಹಾಯ್ದಿದ್ದವು. ಸುರುಳಿಯ ಗುರುತು ಅದು.

ಮುಂದಿನ ಕಥೆ ಜಗತ್ತಿಗೆ ಗೊತ್ತಿರುವುದೇ. ೧೯೫೩ರ ಜನವರಿಯಲ್ಲಿ ರೋಸಲಿಂಡರಿಗೆ ತಿಳಿಯದಂತೆ ಆ ಚಿತ್ರ ಕೇಂಬ್ರಿಜ್ಜಿನ ಜೇಮ್ಸ್ ವಾಟ್ಸನ್ನರ ಕಣ್ಣಿಗೆ ಬಿದ್ದಿತು. ಅವರ ಅಳತೆಗಳಿದ್ದ ವರದಿಯೊಂದು ಫ್ರಾನ್ಸಿಸ್ ಕ್ರಿಕ್ಕರ ಕೈಗೂ ಹೋಯಿತು. ಇವುಗಳ ಆಧಾರದಿಂದಲೂ ತಮ್ಮ ಪ್ರತಿಭೆಯಿಂದಲೂ ಅವರಿಬ್ಬರು ಜೋಡಿ ಸುರುಳಿಯ ಮಾದರಿಯನ್ನು ನಿರ್ಮಿಸಿದರು. ಅದೇ ವರ್ಷ ಏಪ್ರಿಲ್ ೨೫ರ ನೇಚರ್ ಪತ್ರಿಕೆಯಲ್ಲಿ ವಾಟ್ಸನ್-ಕ್ರಿಕ್ಕರ ಲೇಖನವೂ, ವಿಲ್ಕಿನ್ಸ್ ಮತ್ತು ಸಂಗಡಿಗರದೂ, ಫ್ರಾಂಕ್ಲಿನ್-ಗಾಸ್ಲಿಂಗರದೂ ಒಟ್ಟಿಗೆ ಪ್ರಕಟವಾದವು. ೧೯೬೨ರಲ್ಲಿ ಮೊದಲ ಮೂವರಿಗೆ ನೊಬೆಲ್ ಪಾರಿತೋಷಕ ಸಂದಾಗ ರೋಸಲಿಂಡ್ ಗತಿಸಿ ನಾಲ್ಕು ವರ್ಷಗಳಾಗಿದ್ದವು. ೧೯೬೮ರಲ್ಲಿ ವಾಟ್ಸನ್ ಬರೆದ ಪುಸ್ತಕ ಅವರನ್ನು ಸಿಡುಕು ಸ್ವಭಾವದ, ತನ್ನ ಚಿತ್ರಗಳ ಅರ್ಥವನ್ನೇ ಅರಿಯದ ಹೆಂಗಸೆಂಬಂತೆ ಚಿತ್ರಿಸಿತು. ಉತ್ತರ ಹೇಳಲು ಬದುಕಿಲ್ಲದವರ ವಿಷಯದಲ್ಲಿ ಅದು ನ್ಯಾಯವಾಗಿರಲಿಲ್ಲ. ಸ್ನೇಹಿತೆ ಆ್ಯನ್ ಸೇಯರ್ ೧೯೭೫ರಲ್ಲಿಯೂ, ಬ್ರೆಂಡಾ ಮ್ಯಾಡಾಕ್ಸ್ ೨೦೦೨ರಲ್ಲಿಯೂ ಬರೆದ ಜೀವನಚರಿತ್ರೆಗಳು ನಿಜಸ್ಥಿತಿಯನ್ನು ತೆರೆದಿಟ್ಟವು. ಪಾರಿತೋಷಕದ ತಕರಾರನ್ನು ಇಲ್ಲಿ ಮತ್ತೆ ಬೆಳೆಸಬೇಕಾದ ಅಗತ್ಯವಿಲ್ಲ. ಅದರ ಗದ್ದಲದಲ್ಲಿ ಅವರ ಉಳಿದ ಬದುಕು ಮರೆಯಾಗಿದೆಯೆಂಬುದೇ ಹೆಚ್ಚಿನ ನಷ್ಟ.

ಏಕೆಂದರೆ ೧೯೫೩ರ ಮಾರ್ಚಿಯಲ್ಲಿ ಕಿಂಗ್ಸ್ ಕಾಲೇಜನ್ನು ಬಿಟ್ಟು ಬರ್ಕ್‌ಬೆಕ್ ಕಾಲೇಜಿಗೆ ಹೋದ ಮೇಲೆ ಅವರು ಮಾಡಿದ ಕೆಲಸ ಡಿ.ಎನ್.ಎ. ಕೆಲಸಕ್ಕಿಂತ ಏನೂ ಕಡಿಮೆಯದಲ್ಲ. ಹಳೆಯ ಮನೆಯೊಂದರ ನೆಲಮಾಳಿಗೆಯಲ್ಲಿ ಯಂತ್ರ, ಅಟ್ಟದಲ್ಲಿ ಅವರ ಕೊಠಡಿ. ಆಯ್ದುಕೊಂಡ ವಸ್ತು ಹೊಗೆಸೊಪ್ಪಿನ ಎಲೆಗೆ ಚುಕ್ಕೆರೋಗ ತರುವ ವೈರಸ್. ಮಲೆನಾಡಿನ ಏಲಕ್ಕಿ ಬೆಳೆಗಾರರನ್ನು ಕಾಡುವ ಕಟ್ಟೆರೋಗವನ್ನು ಬಲ್ಲ ವಾಚಕರಿಗೆ ಇಂಥ ವೈರಸ್ಸುಗಳ ಕಾಟ ಎಂಥದೆಂದು ವಿವರಿಸಬೇಕಾಗಿಲ್ಲ. ಆ ವೈರಸ್ ಪೊಳ್ಳಾದ ಕೊಳವೆಯಂತಿದೆಯೆಂದೂ, ಅದರ ಆನುವಂಶಿಕ ದ್ರವ್ಯ ಪ್ರೋಟೀನುಗಳ ನಡುವೆ ಸುರುಳಿಯಾಗಿ ಹುದುಗಿದೆಯೆಂದೂ ರೋಸಲಿಂಡ್ ತೋರಿಸಿಕೊಟ್ಟರು. ಅವರ ತಂಡದಲ್ಲಿದ್ದ ಆರನ್ ಕ್ಲೂಗ್ ಅದೇ ಮಾರ್ಗದಲ್ಲಿ ಮುಂದುವರಿದು ೧೯೮೨ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದರು.

೧೯೫೬ರ ಬೇಸಗೆಯಲ್ಲಿ ಉಪನ್ಯಾಸಗಳಿಗಾಗಿ ಅಮೆರಿಕದಲ್ಲಿ ಪ್ರವಾಸ ಮಾಡುತ್ತಿದ್ದಾಗ ಅವರಿಗೆ ಆಗಾಗ ಹೊಟ್ಟೆನೋವು ಬರತೊಡಗಿತು. ತೊಡುತ್ತಿದ್ದ ಲಂಗದ ಜಿಪ್ ಎಳೆಯಲಾಗದಷ್ಟು ಹೊಟ್ಟೆ ಉಬ್ಬಿತ್ತು. ಊರಿಗೆ ಮರಳಿದ ಮೇಲೆ, ಸೆಪ್ಟೆಂಬರಿನಲ್ಲಿ, ಶಸ್ತ್ರಕ್ರಿಯೆ ನಡೆಯಿತು. ಒಳಗೆ ಎರಡು ಗೆಡ್ಡೆಗಳಿದ್ದವು, ಅಂಡಾಶಯದ ಅರ್ಬುದ. ಅವರಿಗೆ ಆಗ ವಯಸ್ಸು ೩೬.

ಅಲ್ಲಿಂದ ಮುಂದಿನ ಹತ್ತೊಂಬತ್ತು ತಿಂಗಳುಗಳನ್ನು ರೋಸಲಿಂಡ್ ಕಳೆದ ಬಗೆ ವಿಸ್ಮಯಕರವಾದುದು. ಚೇತರಿಸಿಕೊಳ್ಳುವ ದಿನಗಳಲ್ಲಿ ಕೆಲಕಾಲ ಕೇಂಬ್ರಿಜ್ಜಿನಲ್ಲಿ ಕ್ರಿಕ್ ದಂಪತಿಗಳ ಮನೆಯಲ್ಲಿ ತಂಗಿದ್ದರೆಂಬುದು, ಅವರ ಮನಸ್ಸಿನಲ್ಲಿ ಹಗೆ ನೆಲೆಸಿರಲಿಲ್ಲವೆಂಬುದಕ್ಕೆ ಸಾಕ್ಷಿ. ೧೯೫೬ರಲ್ಲಿ ಅವರ ತಂಡದಿಂದ ಏಳು ಪ್ರಬಂಧಗಳು, ೧೯೫೭ರಲ್ಲಿ ಆರು ಪ್ರಬಂಧಗಳು ಹೊರಬಂದವು. ಸಂಗಡಿಗರ ಸಂಬಳಕ್ಕಾಗಿ ಅಮೆರಿಕದ ಆರೋಗ್ಯ ಸಂಸ್ಥೆಯಿಂದ ಧನಸಹಾಯ ತಂದರು. ಪೋಲಿಯೋ ವೈರಸ್ಸಿನ ಕೆಲಸಕ್ಕೆ ಕೈ ಹಚ್ಚಿದರು. ರೋಗ ಮರುಕಳಿಸಿದಾಗ ವಿಕಿರಣ ಚಿಕಿತ್ಸೆಯಾಯಿತು. ೧೯೫೮ರ ಏಪ್ರಿಲ್ ೧೬ರಂದು ಲಂಡನ್ನಿನ ಚೆಲ್ಸಿಯಾದಲ್ಲಿರುವ ರಾಯಲ್ ಮಾರ್ಸ್‌ಡನ್ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಮರುದಿನ ಬ್ರಸೆಲ್ಸಿನಲ್ಲಿ ವಿಶ್ವ ಪ್ರದರ್ಶನ ಆರಂಭವಾದಾಗ ಅವರು ಸಿದ್ಧಪಡಿಸಿದ್ದ ವೈರಸ್ ಮಾದರಿ ಅಲ್ಲಿ ನಿಂತಿತ್ತು. ವಿಲ್ಸ್‌ಡನ್ ರುದ್ರಭೂಮಿಯಲ್ಲಿರುವ ಅವರ ಸಮಾಧಿಯ ಮೇಲೆ ವೈರಸ್ ಸಂಶೋಧನೆಯ ಪ್ರಸ್ತಾಪವಿದೆ, ಡಿ.ಎನ್.ಎ. ಹೆಸರಿಲ್ಲ.

ರೋಸಲಿಂಡರನ್ನು ಬಲಿತೆಗೆದುಕೊಂಡ ಬೇನೆಯನ್ನು ಅಂದಿನ ವೈದ್ಯಶಾಸ್ತ್ರ ಎಷ್ಟು ಬಲ್ಲದಾಗಿತ್ತು? ಗೆಡ್ಡೆಯ ತುಣುಕನ್ನು ತೆಳುವಾಗಿ ಕೊಯ್ದು, ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದಡಿಯಲ್ಲಿಟ್ಟು ನೋಡುವುದೊಂದೇ ದಾರಿ. ಹಾಗೆ ನೋಡಿ ಹೆಸರಿಟ್ಟರೂ ಚಿಕಿತ್ಸೆಯಲ್ಲಿ ಹೆಚ್ಚಿನ ಭೇದವಿರಲಿಲ್ಲ. ಎಲ್ಲರಿಗೂ ಕತ್ತಿ, ಕಿರಣ, ಮತ್ತು ಆಗತಾನೆ ಬಳಕೆಗೆ ಬರುತ್ತಿದ್ದ ಕೆಲವು ಔಷಧಗಳು. ರೋಸಲಿಂಡರ ಗೆಡ್ಡೆಯ ವಂಶವಾಹಿಗಳನ್ನು ಯಾರೂ ಓದಲಿಲ್ಲ. ಓದುವ ವಿದ್ಯೆಯೇ ಆಗ ಹುಟ್ಟಿರಲಿಲ್ಲ. ಡಿ.ಎನ್.ಎ.ಯ ಅಕ್ಷರಗಳನ್ನು ಸಾಲಾಗಿ ಓದುವ ಸುಗಮ ವಿಧಾನವನ್ನು ಫ್ರೆಡರಿಕ್ ಸ್ಯಾಂಗರ್ ರೂಪಿಸಿದ್ದು ೧೯೭೭ರಲ್ಲಿ. ಆದಕಾರಣ ಕ್ಷ-ಕಿರಣಗಳೊಂದಿಗಿನ ಒಡನಾಟವೇ ಅವರ ಬೇನೆಗೆ ಕಾರಣವೆಂದು ಕೆಲವರೂ, ವಂಶದಿಂದ ಬಂದುದೆಂದು ಕೆಲವರೂ ಹೇಳುವುದು ಊಹೆಯ ಮಾತಾಗಿಯೇ ಉಳಿಯಬೇಕು.

ಆ ವಿದ್ಯೆ ಹುಟ್ಟಿದ ಮೇಲೆ ತಿಳಿದುಬಂದದ್ದೇನೆಂದರೆ, ಅಂಡಾಶಯದ ಅರ್ಬುದವೆಂಬುದು ಒಂದು ರೋಗವೇ ಅಲ್ಲ. ಒಂದೇ ಜಾಗದಲ್ಲಿ ಕಾಣಿಸಿಕೊಳ್ಳುವ, ಬೇರೆ ಬೇರೆ ಮೂಲದ ಹಲವು ರೋಗಗಳಿಗೆ ನಾವಿಟ್ಟ ಒಂದು ಹೆಸರು. ಇವುಗಳಲ್ಲಿ ಅತ್ಯಂತ ಸಾಮಾನ್ಯವೂ ಉಗ್ರವೂ ಆದ ಬಗೆಗೆ ಉನ್ನತ ದರ್ಜೆಯ ಸೀರಸ್ ಅರ್ಬುದವೆಂದು ಹೆಸರು. ಇದು ಬಹುಪಾಲು ಹುಟ್ಟುವುದು ಅಂಡಾಶಯದಲ್ಲಿ ಕೂಡ ಅಲ್ಲ, ಪಕ್ಕದ ಅಂಡನಾಳದ ತುದಿಯಲ್ಲಿ. ೨೦೧೧ರಲ್ಲಿ ಅಮೆರಿಕದ ವಿಜ್ಞಾನಿಗಳು ಈ ಬಗೆಯ ೪೮೯ ಗೆಡ್ಡೆಗಳ ವಂಶವಾಹಿಗಳನ್ನು ಪರಿಶೀಲಿಸಿದಾಗ, ಜೀವಕೋಶದ ಅಂಕೆತಪ್ಪಿದ ಬೆಳವಣಿಗೆಯನ್ನು ತಡೆಯಬೇಕಾದ ಪಿ-೫೩ ಎಂಬ ವಂಶವಾಹಿ ಅವುಗಳಲ್ಲಿ ನೂರಕ್ಕೆ ೯೬ರಷ್ಟರಲ್ಲಿ ಕೆಟ್ಟಿರುವುದು ಕಂಡಿತು. ಅಲ್ಲದೆ, ಸುಮಾರು ಅರ್ಧದಷ್ಟು ಗೆಡ್ಡೆಗಳಲ್ಲಿ ಮುರಿದ ಡಿ.ಎನ್.ಎ.ಯನ್ನು ತಪ್ಪಿಲ್ಲದೆ ಜೋಡಿಸುವ ವ್ಯವಸ್ಥೆಯೇ ಹಾಳಾಗಿತ್ತು. ಕೆಳದರ್ಜೆಯ ಸೀರಸ್ ಅರ್ಬುದದ ಕಥೆ ಬೇರೆ. ಅಲ್ಲಿ ಪಿ-೫೩ ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ. ಬೆಳವಣಿಗೆಯ ಸಂಜ್ಞೆ ಕೊಡುವ ಕೆ-ರಾಸ್ ಮೊದಲಾದ ವಂಶವಾಹಿಗಳು ಎಡೆಬಿಡದೆ ಸಂಜ್ಞೆ ಕೊಡುತ್ತಿರುತ್ತವೆ. ಮಾಮೂಲು ಔಷಧಗಳಿಗೆ ಅದು ಅಷ್ಟಾಗಿ ಜಗ್ಗುವುದಿಲ್ಲವಾದ್ದರಿಂದ ಆ ಸಂಜ್ಞೆಯ ದಾರಿಯನ್ನು ತಡೆಯುವ ಮಾತ್ರೆಗಳು ಬಂದಿವೆ. ಗ್ರ್ಯಾನ್ಯುಲೋಸ ಕೋಶಗಳ ಗೆಡ್ಡೆಯೆಂಬ ವಿರಳ ಬಗೆಯೊಂದರಲ್ಲಿ, ಬಹುತೇಕ ಎಲ್ಲ ವಯಸ್ಕ ರೋಗಿಗಳಲ್ಲಿಯೂ, ಒಂದೇ ವಂಶವಾಹಿಯ ಒಂದೇ ಸ್ಥಳದ ಒಂದೇ ಅಕ್ಷರ ಬದಲಾಗಿರುವುದನ್ನು ಕೆನಡಾದ ವಿಜ್ಞಾನಿಗಳು ೨೦೦೯ರಲ್ಲಿ ಕಂಡುಹಿಡಿದರು. ಕಣ್ಣಿಗೆ ಸಂದೇಹವಾದಾಗ ಆ ಒಂದಕ್ಷರ ನೋಡಿ ರೋಗವನ್ನು ನಿಶ್ಚಯಿಸಬಹುದು.

ಹೆಸರು ಬೇರೆಯಾದರೆ ಸಾಲದು, ಚಿಕಿತ್ಸೆಯೂ ಬೇರೆಯಾಗಬೇಕಲ್ಲವೇ? ಇದಕ್ಕೆ ಅತ್ಯುತ್ತಮ ನಿದರ್ಶನವೆಂದರೆ ಬಿ.ಆರ್.ಸಿ.ಎ. ಎಂಬ ಎರಡು ವಂಶವಾಹಿಗಳದು. ಮೊದಲನೆಯದು ೧೭ನೆಯ ವರ್ಣತಂತುವಿನಲ್ಲಿದೆಯೆಂದು ಅಮೆರಿಕದ ಮೇರಿ-ಕ್ಲೇರ್ ಕಿಂಗ್ ೧೯೯೦ರಲ್ಲಿ ತೋರಿಸಿದರು. ೧೯೯೪ರಲ್ಲಿ ಅದು ಕೈಗೆ ಸಿಕ್ಕಿತು. ಎರಡನೆಯದನ್ನು ೧೯೯೫ರಲ್ಲಿ ಪತ್ತೆಮಾಡಿದವರು ಲಂಡನ್ನಿನ ಕ್ಯಾನ್ಸರ್ ಸಂಶೋಧನ ಸಂಸ್ಥೆಯ ಮೈಕೇಲ್ ಸ್ಟ್ರಾಟನ್ ಮತ್ತು ಸಂಗಡಿಗರು. ಈ ಸಂಸ್ಥೆ ರೋಸಲಿಂಡ್ ಕೊನೆಯುಸಿರೆಳೆದ ರಾಯಲ್ ಮಾರ್ಸ್‌ಡನ್ ಆಸ್ಪತ್ರೆಯೊಡನೆ ಜೊತೆಗೂಡಿ ಕೆಲಸ ಮಾಡುವಂಥದು. ಎರಡಕ್ಕೂ ಚೆಲ್ಸಿಯಾದ ಫುಲ್‌ಹ್ಯಾಮ್ ರಸ್ತೆಯಲ್ಲಿ ಕಟ್ಟಡಗಳಿವೆ.

ಈ ವಂಶವಾಹಿಗಳ ಕರ್ತವ್ಯ ಡಿ.ಎನ್.ಎ.ಯ ಎರಡೂ ಎಳೆಗಳು ತುಂಡಾದಾಗ ಸರಿಯಾದ ಪ್ರತಿಯನ್ನು ನೋಡಿಕೊಂಡು ಜೋಡಿಸುವುದು. ತಂದೆಯಿಂದಲೋ ತಾಯಿಯಿಂದಲೋ ಒಂದು ಕೆಟ್ಟ ಪ್ರತಿ ಬಂದವರಲ್ಲಿ ಇನ್ನೊಂದು ಒಳ್ಳೆಯ ಪ್ರತಿ ಕೆಲಸವನ್ನು ನಿಭಾಯಿಸುತ್ತಿರುತ್ತದೆ. ಯಾವುದೋ ಒಂದು ಕೋಶದಲ್ಲಿ ಆ ಒಳ್ಳೆಯ ಪ್ರತಿಯೂ ಕಳೆದುಹೋದಾಗ ಅರ್ಬುದಕ್ಕೆ ದಾರಿಯಾಗುತ್ತದೆ. ಆದರೆ ಅಲ್ಲಿಯೇ ಅರ್ಬುದದ ಬಲಹೀನತೆಯೂ ಇದೆ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಹಳ್ಳದ ಕಾಲುಸಂಕವೊಂದು ಕೊಚ್ಚಿಹೋದರೆ ಊರವರು ಸುತ್ತುಬಳಸಿನ ಇನ್ನೊಂದು ಸಂಕವನ್ನು ಹಿಡಿಯುತ್ತಾರೆ. ಅದೂ ಹೋದರೆ ದಾರಿಯೇ ಇಲ್ಲ. ಹಾಗೆ, ಬಿ.ಆರ್.ಸಿ.ಎ. ಕಳೆದುಕೊಂಡ ಅರ್ಬುದ ಕೋಶ ಪಾರ್ಪ್ ಎಂಬ ಮತ್ತೊಂದು ದುರಸ್ತಿ ವ್ಯವಸ್ಥೆಯನ್ನು ನೆಚ್ಚಿಕೊಂಡು ಬದುಕಿರುತ್ತದೆ. ಔಷಧದಿಂದ ಅದನ್ನೂ ತಡೆದರೆ ಆ ಕೋಶ ಸಾಯುತ್ತದೆ; ಎರಡೂ ಸಂಕಗಳಿರುವ ಆರೋಗ್ಯದ ಕೋಶಗಳು ಉಳಿದುಕೊಳ್ಳುತ್ತವೆ. ಈ ತತ್ತ್ವವನ್ನು ೨೦೦೫ರಲ್ಲಿ ಪ್ರಯೋಗಶಾಲೆಯಲ್ಲಿ ತೋರಿಸಿದ ಎರಡು ತಂಡಗಳಲ್ಲಿ ಒಂದು, ಅದೇ ಫುಲ್‌ಹ್ಯಾಮ್ ರಸ್ತೆಯ ಅಲನ್ ಆಶ್‌ವರ್ತರದು. ಒಲಾಪರಿಬ್ ಎಂಬ ಆ ಔಷಧವನ್ನು ೬೦ ರೋಗಿಗಳ ಮೇಲೆ ಮೊದಲು ಪರೀಕ್ಷಿಸಿ ೨೦೦೯ರಲ್ಲಿ ಫಲಿತಾಂಶ ಪ್ರಕಟಿಸಿದ ವೈದ್ಯರು ರಾಯಲ್ ಮಾರ್ಸ್‌ಡನ್ ಮತ್ತು ನೆದರ್ಲೆಂಡ್ಸಿನ ಕ್ಯಾನ್ಸರ್ ಸಂಸ್ಥೆಯವರು. ರೋಸಲಿಂಡರಿಗೆ ಏನೂ ಮಾಡಲಾಗದೆ ಕೈಚೆಲ್ಲಿದ್ದ ಆಸ್ಪತ್ರೆಯೇ ಐವತ್ತು ವರ್ಷಗಳ ತರುವಾಯ ಡಿ.ಎನ್.ಎ. ಓದಿ ಔಷಧ ಕೊಡುವ ಕ್ರಮಕ್ಕೆ ನಾಂದಿ ಹಾಡಿತು.

೨೦೧೮ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆಯಲ್ಲಿ, ಬಿ.ಆರ್.ಸಿ.ಎ. ದೋಷವಿದ್ದು ಶಸ್ತ್ರಕ್ರಿಯೆ ಮತ್ತು ಮೊದಲ ಸುತ್ತಿನ ಔಷಧೋಪಚಾರ ಮುಗಿಸಿದ್ದ ೩೯೧ ಸ್ತ್ರೀಯರು ಭಾಗವಹಿಸಿದ್ದರು. ಒಲಾಪರಿಬ್ ಮಾತ್ರೆ ಸೇವಿಸಿದವರಲ್ಲಿ ರೋಗ ಮರಳುವ ಅಥವ ಮರಣ ಸಂಭವಿಸುವ ಅಪಾಯ, ಸೇವಿಸದವರಿಗಿಂತ ನೂರಕ್ಕೆ ೭೦ರಷ್ಟು ಕಡಿಮೆಯಾಗಿತ್ತು. ಇದನ್ನು ಕೇಳಿ ರೋಗ ಗೆದ್ದಂತಾಯಿತೆಂದು ಭಾವಿಸುವಂತಿಲ್ಲ. ಕಾಲಕ್ರಮದಲ್ಲಿ ಕೆಲವು ಗೆಡ್ಡೆಗಳು ಕೆಟ್ಟ ವಂಶವಾಹಿಯನ್ನು ತಾವೇ ಮತ್ತೆ ಸರಿಪಡಿಸಿಕೊಂಡು ಔಷಧಕ್ಕೆ ಬಗ್ಗದಂತಾಗುತ್ತವೆ. ದುರಸ್ತಿ ವ್ಯವಸ್ಥೆ ನೆಟ್ಟಗಿರುವ ಗೆಡ್ಡೆಗಳಿಗೆ ಈ ಮಾತ್ರೆಯಿಂದ ಲಾಭ ಅಲ್ಪ. ಯಾರಿಗೆ ಕೊಡಬೇಕೆಂಬುದರಷ್ಟೇ ಯಾರಿಗೆ ಕೊಡಬಾರದೆಂಬುದನ್ನು ತಿಳಿಯುವುದೂ ಈ ಪರೀಕ್ಷೆಗಳ ಪ್ರಯೋಜನ. ಬೆಲೆಬಾಳುವ ಔಷಧಗಳ ವಿಷಯದಲ್ಲಿ ಬಡಕುಟುಂಬಕ್ಕೆ ಅದು ಸಣ್ಣ ಮಾತಲ್ಲ.

ರೋಸಲಿಂಡರ ಪೂರ್ವಿಕರು ಸೇರಿದ್ದ ಅಶ್ಕೆನಾಜಿ ಯಹೂದಿ ಸಮುದಾಯದಲ್ಲಿ ಸುಮಾರು ೪೦ ಜನರಿಗೊಬ್ಬರಂತೆ ಬಿ.ಆರ್.ಸಿ.ಎ. ದೋಷವನ್ನು ಹೊತ್ತಿರುತ್ತಾರೆ. ಅದರಲ್ಲಿ ಒಂದು, ಮೊದಲನೆಯ ಬಿ.ಆರ್.ಸಿ.ಎ. ವಂಶವಾಹಿಯ ಆರಂಭದಲ್ಲಿಯೇ ಎರಡು ಅಕ್ಷರಗಳು ಅಳಿದುಹೋಗಿರುವ ದೋಷ. ದೂರದ ಯಹೂದಿಗಳ ಈ ಸಂಗತಿಗೂ ಕನ್ನಡನಾಡಿಗೂ ಏನು ಸಂಬಂಧವೆಂದು ಕೇಳಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯ ಸಂಶೋಧಕರು ಕೂಡಿ, ಕುಟುಂಬದಲ್ಲಿ ಸ್ತನದ ಅಥವ ಅಂಡಾಶಯದ ಅರ್ಬುದದ ಇತಿಹಾಸವಿದ್ದ ದಕ್ಷಿಣ ಭಾರತದ ೬೧ ರೋಗಿಗಳನ್ನು ಪರೀಕ್ಷಿಸಿ ೨೦೦೯ರಲ್ಲಿ ವರದಿಯನ್ನು ಪ್ರಕಟಿಸಿದರು. ೧೭ ಜನರಲ್ಲಿ ಬಿ.ಆರ್.ಸಿ.ಎ. ದೋಷ ಕಂಡಿತು. ಆ ೧೭ರಲ್ಲಿ ೧೦ ಜನರಲ್ಲಿದ್ದುದು ಯಹೂದಿಗಳಲ್ಲಿ ಪ್ರಸಿದ್ಧವಾದ ಆ ಎರಡಕ್ಷರದ ಲೋಪವೇ. ಸ್ತನದ ಅರ್ಬುದ ಮಾತ್ರವಿದ್ದ ಕುಟುಂಬಗಳಿಗಿಂತ ಅಂಡಾಶಯದ ಅರ್ಬುದವಿದ್ದ ಕುಟುಂಬಗಳಲ್ಲಿ ದೋಷ ಸಿಕ್ಕಿದ್ದು ಹೆಚ್ಚು.

ತುಂಗೆಯ ತೀರದ ನೆಮ್ಮಾರಿನಂಥ ಊರಿನಲ್ಲಿ ಹೆಂಗಸಿಗೆ ಹೊಟ್ಟೆ ಉಬ್ಬರಿಸಿದರೆ, ನಾಲ್ಕು ತುತ್ತಿಗೇ ಊಟ ಸಾಕೆನಿಸಿದರೆ, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸಿದರೆ, ಗ್ಯಾಸ್ಟ್ರಿಕ್ ಎಂದುಕೊಂಡು ಕಷಾಯ ಕುಡಿದು ತಿಂಗಳುಗಟ್ಟಲೆ ತಳ್ಳುವುದು ವಾಡಿಕೆ. ಲಂಡನ್ನಿನ ವಿದುಷಿಗೂ ಮೊದಲು ಕಂಡದ್ದು ಅದೇ ಉಬ್ಬರ. ಮೂರು-ನಾಲ್ಕು ವಾರ ಬಿಡದೆ ಹಾಗೆ ಕಾಡಿದರೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸುವುದು ಒಳಿತು. ಬಹುಪಾಲು ರೋಗಿಗಳು ಘಟ್ಟವಿಳಿದು ಕಾರ್ಕಳದ ದಾರಿಯಾಗಿ ಮಣಿಪಾಲಕ್ಕೋ ಮಂಗಳೂರಿಗೋ ತಲುಪುವ ಹೊತ್ತಿಗೆ ರೋಗ ಹೊಟ್ಟೆಯೊಳಗೆಲ್ಲ ಹರಡಿರುತ್ತದೆ. ರೋಗ ನಿಶ್ಚಯವಾದ ಮೇಲೆ ವಂಶವಾಹಿಯ ಪರೀಕ್ಷೆಗೆ ರೋಗಿ ಎಲ್ಲಿಗೂ ಹೋಗಬೇಕಾಗಿಲ್ಲ. ಸ್ವಲ್ಪ ರಕ್ತ ಅಥವ ಗೆಡ್ಡೆಯ ತುಣುಕು ಬೆಂಗಳೂರಿನಂಥ ನಗರದ ಪ್ರಯೋಗಶಾಲೆಗೆ ಹೋಗಿ ವರದಿ ಬರುತ್ತದೆ.

ಆ ವರದಿ ರೋಗಿಯೊಬ್ಬರದೇ ಅಲ್ಲ. ದೋಷವಿರುವ ತಾಯಿಯಿಂದಾಗಲಿ ತಂದೆಯಿಂದಾಗಲಿ ಪ್ರತಿಯೊಂದು ಮಗುವಿಗೂ ಅದು ಇಳಿಯುವ ಸಂಭವ ಅರ್ಧಕ್ಕರ್ಧ. ಗಂಡಸರಲ್ಲಿ ಅಂಡಾಶಯವಿಲ್ಲದ್ದರಿಂದ ದೋಷ ಒಂದು ತಲೆಮಾರು ಮೌನವಾಗಿದ್ದು ಮೊಮ್ಮಗಳಲ್ಲಿ ಕಾಣಿಸಿಕೊಳ್ಳಬಹುದು. ಆದ್ದರಿಂದಲೇ ತಿಳಿದ ವೈದ್ಯರು ತವರಿನ ಅಜ್ಜಿ, ಚಿಕ್ಕಮ್ಮಂದಿರನ್ನು ಕುರಿತು ಕೇಳಿದಷ್ಟೇ ವಿವರವಾಗಿ ತಂದೆಯ ತಾಯಿ, ಸೋದರತ್ತೆಯರನ್ನು ಕುರಿತೂ ಕೇಳುತ್ತಾರೆ. ಸಾಮಾನ್ಯ ಸ್ತ್ರೀಯರಲ್ಲಿ ನೂರಕ್ಕೆ ಒಬ್ಬಿಬ್ಬರಿಗೆ ಬರುವ ಈ ರೋಗ, ಮೊದಲನೆಯ ಬಿ.ಆರ್.ಸಿ.ಎ. ದೋಷವಿದ್ದವರಲ್ಲಿ ೮೦ ವಯಸ್ಸಿನೊಳಗೆ ನೂರಕ್ಕೆ ಸುಮಾರು ೪೪ ಜನರಿಗೂ, ಎರಡನೆಯದರ ದೋಷವಿದ್ದವರಲ್ಲಿ ಸುಮಾರು ೧೭ ಜನರಿಗೂ ಬರುತ್ತದೆ. ಅಂಥವರು ಮಕ್ಕಳಾದ ಮೇಲೆ, ಮೊದಲನೆಯ ದೋಷವಾದರೆ ೩೫ರಿಂದ ೪೦ರ ವಯಸ್ಸಿನೊಳಗೆ, ಎರಡನೆಯದಾದರೆ ಕೆಲವು ವರ್ಷ ತಡವಾಗಿ, ಅಂಡಾಶಯ ಮತ್ತು ಅಂಡನಾಳಗಳನ್ನು ತೆಗೆಸಿಕೊಂಡರೆ ಅಪಾಯ ನೂರಕ್ಕೆ ೮೦ರಷ್ಟು ತಗ್ಗುತ್ತದೆ. ಮದುವೆಯಾಗಬೇಕಾದ ಹುಡುಗಿಯರಿರುವ ಮನೆಗಳಲ್ಲಿ ಈ ಮಾತನ್ನು ಮುಚ್ಚಿಡುವುದೇ ಹೆಚ್ಚು. ಮುಚ್ಚಿಟ್ಟ ಮನೆಯಲ್ಲಿ ತಂಗಿಗೂ ಮಗಳಿಗೂ ರಕ್ತಪರೀಕ್ಷೆಯ ಸುದ್ದಿ ತಲುಪುವುದಿಲ್ಲ. ಎರಡನೆಯ ರೋಗಿಯೂ ಮೊದಲನೆಯವಳಂತೆಯೇ, ಹೊಟ್ಟೆ ಉಬ್ಬಿದ ಮೇಲೆ, ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾಳೆ.